ಮೂರನೆಯ ಅಧ್ಯಾಯದಲ್ಲಿ ಎದ್ದು ಬಂದವಳು

“ಹೋಗು, ನಿಮ್ಮಪ್ಪನ ಮನೆಗೆ ಹೋಗು. ಹಬ್ಬ ಮುಗಿಯೋ ತನಕ ನಿನ್ನ ಮುಖ ನಂಗೆ ತೋರಿಸ್ಬೇಡ. ನೀನು ಕಾಲಿಟ್ಟ ಮನೇಲಿ ಒಂದು ಹಲ್ವಾ ಕೂಡ ನೆಟ್ಟಗಾಗಲ್ಲ.”

ಹೆಶ್ಮತ್ ಖಾನುಮ್ ಸೌಟನ್ನು ಸೊಸೆಯ ಮುಖದ ನೇರಕ್ಕೆ ಹಿಡಿದು ಹೀಗೆಂದರು. ಒಲೆಯ ಮೇಲೆ ಪೂರಿಮ್ ಹಬ್ಬದ ಹಲ್ವಾಕ್ಕೆಂದು ಹುರಿಯುತ್ತಿದ್ದ ಹಿಟ್ಟು ಸೀದು ಹೊಗೆಯಾಡುತ್ತಿತ್ತು. ನ್ಯಾಯವಾಗಿ ಹೇಳುವುದಾದರೆ ಆ ಹಿಟ್ಟನ್ನು ಹುರಿಯುತ್ತಿದ್ದವರು ಹೆಶ್ಮತ್ ಖಾನುಮ್ ಅವರೇ. ಅಂಗಳದಲ್ಲಿ ಬಟ್ಟೆ ಒಣಗಿಸುವ ಹಗ್ಗದಲ್ಲಿ ಯಾರ ಪಾಲು ಎಷ್ಟು ಎಂದು ನೆರೆಮನೆಯ ಝೋಹರಾಗೆ ತಿಳಿಸಿ ಹೇಳಲು ಹೊರಗೆ ಹೋದವರು, ಆ ವಿಷಯದಲ್ಲಿ ಹೇಳಬೇಕಾದದ್ದು ಬಹಳ ಇದ್ದದ್ದರಿಂದ, ಒಲೆಯನ್ನೇ ಮರೆತರು. ಸೊಸೆ ಗೀತಿಯ ಎರಡು ಕೈಯೂ ಆಗ ಮೈದಾ ನಾದುತ್ತಿದ್ದವು. ಆದರೂ ತಪ್ಪು ಅವಳದೇ ಆಯಿತು. ಜೆರುಸಲೇಮಿನ ಆ ಹಳೆಯ ಅಂಗಳದ ಸುತ್ತ ಐದು ಮನೆಯವರು ಒಬ್ಬರ ಗೋಡೆಗೊಬ್ಬರು ಒರಗಿಕೊಂಡು ಬದುಕುತ್ತಿದ್ದೆವು. ಎಲ್ಲರಿಗೂ ಎಲ್ಲವೂ ಕೇಳಿಸಿತು.

ಹಲ್ವಾ ಒಂದು ನೆಪ ಅಷ್ಟೇ. ಮೂರು ವರ್ಷದಿಂದ ಹೆಶ್ಮತ್ ಖಾನುಮ್ ಅವರ ಬಾಯಲ್ಲಿ ಇದ್ದದ್ದು ಒಂದೇ ಮಾತು, ಸೊಸೆಯ ಕಾಲ್ಗುಣ. ಗೀತಿ ಹೊಸಿಲು ದಾಟಿ ಬಂದ ಮೊದಲ ಚಳಿಗಾಲದಲ್ಲೇ ಮಾವ ನಜಾತ್ ಎದೆನೋವಿನಿಂದ ತೀರಿಕೊಂಡರು. ಮರುವರ್ಷ ಮನೆಯವರ ರೊಟ್ಟಿ ಅಂಗಡಿಗೆ ಬೆಂಕಿ ಬಿದ್ದು, ಒಲೆ, ಮಾಡು ಎಲ್ಲ ಬೂದಿಯಾದವು. ಮಗ ರಹಮೀಮ್ ಈಗ ಇನ್ನೊಬ್ಬರ ಅಂಗಡಿಯಲ್ಲಿ ರೊಟ್ಟಿ ಸುಡುತ್ತಿದ್ದ. ಇಷ್ಟು ಸಾಲದೇ? ನಮ್ಮ ಯೆಹೂದ್ಯ ಹೆಂಗಸರು ಪರ್ಷಿಯಾ ಬಿಟ್ಟು ಬರುವಾಗ ಒಡವೆ ಬಿಟ್ಟು ಬಂದರು, ಕಂಬಳಿ ಬಿಟ್ಟು ಬಂದರು, ಈ ಕಾಲ್ಗುಣ ಎಂಬುದನ್ನು ಮಾತ್ರ ಭದ್ರವಾಗಿ ಗಂಟುಕಟ್ಟಿ ತಂದರು.

ಗೀತಿ ಕೈ ತೊಳೆದಳು, ಚೀಲಕ್ಕೆ ನಾಲ್ಕು ಬಟ್ಟೆ ತುರುಕಿದಳು. ಅವಳು ಸಿಟ್ಟಿನಿಂದ ಹೊರಟಿದ್ದರೆ ಚಿಂತೆ ಇರಲಿಲ್ಲ, ಸಿಟ್ಟು ಎರಡು ದಿನದಲ್ಲಿ ಇಳಿಯುತ್ತದೆ. ಅವಳು ಹೊರಟದ್ದು ಅತ್ತೆಯ ಮಾತನ್ನು ನಂಬಿ. ನಾನಿದ್ದರೆ ನಾಳೆ ರಹಮೀಮ್‌ಗೂ ಏನಾದರೂ ಆದೀತು… ನನ್ನ ಕಾಲು ಈ ಮನೆಯಲ್ಲಿ ಇರದಿದ್ದರೆ ಅವನಾದರೂ ಚೆನ್ನಾಗಿರುತ್ತಾನೆ… ಹೀಗೆಂದು ಅವಳು ಬಸ್ಸಿನ ಕಿಟಕಿಗೆ ಹಣೆಯಿಟ್ಟು ಅತ್ತಳು. ಮರಳಿ ಬರಬಾರದೆಂದೇ ನಿಶ್ಚಯ ಮಾಡಿಕೊಂಡಿದ್ದಳಂತೆ, ಆಮೇಲೆ ಅವಳೇ ನನಗೆ ಎಲ್ಲ ಹೇಳಿದ್ದು. ರಹಮೀಮ್‌ಗೆ ಇದಾವುದೂ ತಿಳಿಯದು. ಹಬ್ಬದ ಬೇಡಿಕೆಗೆ ಬೆಳಗಿನಿಂದ ಒಲೆಯ ಮುಂದೆ ಬೇಯುತ್ತಿದ್ದ.

ತವರೂರು ಹೊಲೋನ್‌ನಲ್ಲಿ ಬಸ್ಸಿಳಿದರೆ ಬೀದಿ ತುಂಬ ಹಬ್ಬದ ವೇಷ ಹಾಕಿದವರು, ಅರಸರು, ಕರಡಿಗಳು, ಅಂಟಿಸಿದ ಗಡ್ಡದ ಪುಟ್ಟ ಹುಡುಗಿಯರು. ಅಲ್ಲಿ ಪೂರಿಮ್ ಅದೇ ದಿನ. ಬಯಲಿನ ಊರುಗಳೆಲ್ಲ ಆಚರಿಸಿ ಮುಗಿಸಿದ ಮೇಲೆ, ಕೋಟೆಯ ಊರೆಂಬ ಹೆಚ್ಚುಗಾರಿಕೆಗೆ, ಜೆರುಸಲೇಮಿನ ನಮಗೆ ಒಂದು ದಿನ ತಡವಾಗಿ ಹಬ್ಬ. ಅಲ್ಲಿ ಅಂದಿನ ಸಂಜೆಗೆ ಹಬ್ಬ ಮುಗಿದರೆ ಇಲ್ಲಿ ಅದೇ ಸಂಜೆ ಶುರು.

ಬೀಜ, ಬಾದಾಮಿ ಹುರಿದು ಮಾರುವ ಅಪ್ಪ ಯೆದಿದ್ಯಾ ತಲೆಗೆ ಹೆಂಡತಿಯ ಹೂವಿನ ಸ್ಕಾರ್ಫ್ ಕಟ್ಟಿಕೊಂಡು ಊಟದ ಮೇಜಿನ ತುದಿಯಲ್ಲಿ ಕೂತಿದ್ದರು. ಆ ದಿನ ಕುಡಿಯುವುದು ಧರ್ಮ, ಅವರು ಧರ್ಮಿಷ್ಠರು. ಮಗಳನ್ನು ಕಂಡು ಎರಡೂ ಕೈ ಚಾಚಿದವರು ಚೀಲವನ್ನು ಕಂಡು ಕೈ ಇಳಿಸಿದರು.

“ಏನಾಯ್ತು ಗೀತಿ ಜಾನ್?”

“ಅಪ್ಪಾ… ನಾನು ವಾಪಸ್ ಹೋಗಲ್ಲ. ಅತ್ತೆ ಹೇಳೋದು ನಿಜ. ನಾನು ಆ ಮನೆಗೆ ಹೋದ್ಮೇಲೇ ಮಾವ ತೀರ್ಕೊಂಡ್ರು. ನಾನು ಹೋದ್ಮೇಲೇ ಅಂಗಡಿ ಸುಟ್ಟೋಯ್ತು. ಇವತ್ತು ಹಲ್ವಾನೂ…”

“ಹಲ್ವಾಕ್ಕೂ ನೀನೇ ಕಾರಣನಾ?” ಎಂದರು ತಾಯಿ ಪೂರಾನ್, ಕೈಯಲ್ಲಿ ಅನ್ನದ ತಟ್ಟೆ ಹಿಡಿದುಕೊಂಡು. “ಆ ಹೆಂಗಸಿನ ನಾಲಿಗೆ ಬಿಸಿಗೇ ಸೀದಿರುತ್ತೆ. ಮೊದಲು ಊಟ ಮಾಡು.”

ಅಪ್ಪ ಲೋಟ ಪಕ್ಕಕ್ಕಿಟ್ಟರು. “ಇವತ್ತು ಬೆಳಿಗ್ಗೆ ತಾನೇ ನಾವು ಎಸ್ತೇರ್ ರಾಣಿ ಕಥೆಯ ಸುರುಳಿ ಓದಿ ಕೇಳಿದ್ವಿ. ನೀನು ಚಿಕ್ಕೋಳಿದ್ದಾಗಿಂದ ಪ್ರತಿ ವರ್ಷ ಕೇಳಿದೀಯ. ಅದರಲ್ಲಿ ದೇವರ ಹೆಸರು ಎಲ್ಲಿ ಬರುತ್ತೆ, ಹೇಳು ನೋಡೋಣ.”

“ಎಲ್ಲೂ ಬರಲ್ಲ.”

“ಬರಲ್ಲ. ಧರ್ಮಗ್ರಂಥ, ದೇವರ ಸುದ್ದಿನೇ ಇಲ್ಲ. ಸರಿ. ಈಗ ಎಸ್ತೇರಳ ಕಾಲ್ಗುಣ ನೋಡು. ಹೊಟ್ಟೇಲಿದ್ದಾಗ ಅಪ್ಪ ಹೋದ, ಹುಟ್ಟುತ್ತಲೇ ತಾಯಿ ಹೋದ್ಲು ಅಂತಾರೆ ನಮ್ಮ ಹಿರಿಯರು. ಎರಡನೇ ಅಧ್ಯಾಯದಲ್ಲಿ ರಾಣಿಯಾಗಿ ಅರಮನೆಗೆ ಕಾಲಿಟ್ಲು. ಮೂರನೇ ಅಧ್ಯಾಯ ಶುರುವಾಗುತ್ತಲೇ ಏನಾಯ್ತು?”

“ಅರಸ ಹಾಮಾನ್‌ನ ಮಂತ್ರಿ ಮಾಡ್ದ.”

“ಆ ಹಾಮಾನ್ ಯೆಹೂದ್ಯರನ್ನೆಲ್ಲ ಒಂದೇ ದಿನ ಕೊಲ್ಲಿಸೋಕೆ ಆಜ್ಞೆ ಹೊರಡಿಸ್ದ. ಅವಳು ಕಾಲಿಟ್ಟ ಮನೆಯಿಂದಾನೇ. ನಿಮ್ಮತ್ತೆ ಆ ಅರಮನೇಲಿದ್ದಿದ್ರೆ ಎಸ್ತೇರಳ ಗಂಟುಮೂಟೆ ಅಲ್ಲೇ ಬೀದಿಗೆ ಬೀಳ್ತಿತ್ತು.”

ಗೀತಿ ಅಳುತ್ತಲೇ ನಕ್ಕಳು. ಮೂಗು ಒರೆಸಿಕೊಂಡಳು.

“ನಗಬೇಡ, ಕೇಳು,” ಎಂದರು ಅಪ್ಪ. ಈಗ ಅವರ ದನಿಯಲ್ಲಿ ಕುಡಿತ ಇರಲಿಲ್ಲ. “ಮೂರನೇ ಅಧ್ಯಾಯದಲ್ಲಿ ಸುರುಳಿ ಮುಚ್ಚಿಟ್ರೆ ಎಸ್ತೇರಳಂಥ ಅನಿಷ್ಟ ಇನ್ನೊಂದಿಲ್ಲ. ಕೊನೇವರೆಗೆ ಓದಿದ್ರೆ ಗೊತ್ತಾಗುತ್ತೆ, ನಮ್ಮೋರನ್ನೆಲ್ಲ ಉಳಿಸಿದ್ದೇ ಅವಳು, ಹಾಮಾನ್ ಬರೋಕೆ ಮುಂಚೆನೇ ಅವಳನ್ನ ಅಲ್ಲಿ ಯಾರೋ ಕೂರಿಸಿದ್ರು. ಗಾಯಕ್ಕೆ ಮುಂಚೆನೇ ಮುಲಾಮು. ಹೆಸರು ಹಾಕ್ಕೊಳ್ದೆ ಕೆಲಸ ಮಾಡೋನು ಒಬ್ಬನಿದಾನೆ, ಮಗಳೇ. ನಿಮ್ಮ ಮಾವನಿಗೆ ಕಾಯಿಲೆ ನಿನ್ನಿಂದ ಬಂತಾ? ಅದು ಬರೋದಿತ್ತು. ಬರೋ ಹೊತ್ತಿಗೆ ಮನೇಲಿ ನೀನಿರ್ಬೇಕು ಅಂತ ಮೊದಲೇ ಕಳಿಸಿದ್ದ. ಅವರಿಗೆ ನೀರು ಕುಡಿಸ್ದೋರ್ಯಾರು? ದುಃಖದ ಏಳು ದಿನ ಆಯಮ್ಮ ನೆಲದ ಮೇಲೆ ಕೂತಿದ್ದಾಗ ಬಾಯಿಗೆ ತುತ್ತಿಟ್ಟೋರ್ಯಾರು?”

ಗೀತಿ ತಲೆ ತಗ್ಗಿಸಿದಳು. ಅದನ್ನು ಅವಳು ಎಂದೂ ಹಾಗೆ ಎಣಿಸಿಯೇ ಇರಲಿಲ್ಲ. ಮೂರು ವರ್ಷದಿಂದ ಎದೆಯ ಮೇಲಿದ್ದ ಕಲ್ಲು ಸ್ವಲ್ಪ ಜರುಗಿದಂತಾಯಿತು.

“ನೀನು ಮೂರನೇ ಅಧ್ಯಾಯದಲ್ಲಿ ಎದ್ದು ಬಂದಿದೀಯ. ಒಂದು ಪದ ತಪ್ಪಿದ್ರೂ ಕೇಳಿದ್ದು ಲೆಕ್ಕಕ್ಕಿಲ್ಲ ಅಂತ ನಿಂಗೊತ್ತು.”

“ಆದ್ರೆ ಹಬ್ಬ ಮುಗಿಯೋ ತನಕ ಮುಖ ತೋರಿಸ್ಬೇಡ ಅಂದಿದಾರೆ ಅತ್ತೆ.”

ಯೆದಿದ್ಯಾ ಹುಬ್ಬೇರಿಸಿದರು. ಅಂಥ ತೊಡಕು ಸಿಕ್ಕರೆ ಅವರಿಗೆ ಬಾದಾಮಿ ಸಿಕ್ಕಷ್ಟು ಸಂತೋಷ. ಹೊತ್ತು ಮುಳುಗುವವರೆಗೆ ಮಗಳಿಗೆ ಉಣ್ಣಿಸಿದರು, ಹಾಡು ಹೇಳಿಸಿದರು. ಆಮೇಲೆ ಬಾಲ್ಕನಿಗೆ ಹೋಗಿ ಆಕಾಶ ನೋಡಿ ಒಳಗೆ ಬಂದರು.

“ನಕ್ಷತ್ರ ಕಾಣಿಸ್ತು. ಹಬ್ಬ ಮುಗೀತು. ಯಾವ ಊರಿನ ಹಬ್ಬ ಅಂತ ಅತ್ತೆ ಹೇಳ್ಲಿಲ್ಲ ತಾನೆ? ಎದ್ದೇಳು, ಬಸ್ಸಿದೆ.”

“ಮತ್ತೆ ಹೊರಗೆ ಹಾಕಿದ್ರೆ?”

“ಹಾಕಿದ್ರೆ ನಮ್ಮನೆ ಬಾಗಿಲು ಎಲ್ಲೂ ಹೋಗಲ್ಲ. ಆದ್ರೆ ಅನಿಷ್ಟ ಅಂತ ನಂಬ್ಕೊಂಡು ಮಾತ್ರ ಈ ಬಾಗಿಲಿಗೆ ಬರಬೇಡ. ಸಿಟ್ಟು ಮಾಡ್ಕೊಂಡು ಬಾ, ಬೇಕಾದ್ರೆ ಬೈಕೊಂಡು ಬಾ.”

ಗೀತಿ ಅಂಗಳಕ್ಕೆ ಕಾಲಿಟ್ಟಾಗ ಗಂಡಸರು ಪ್ರಾರ್ಥನಾ ಮಂದಿರದ ಓದು ಮುಗಿಸಿ ಬಂದಾಗಿತ್ತು. ಮಕ್ಕಳನ್ನು ಬಿಟ್ಟು ಅಲ್ಲಿಗೆ ಹೋಗಲಾಗದ ಹೆಂಗಸರಿಗಾಗಿ ಪ್ರತಿವರ್ಷ ಹೆಶ್ಮತ್ ಖಾನುಮ್ ಅವರ ಮುಂಗೋಣೆಯಲ್ಲಿ ಇನ್ನೊಂದು ಓದು ನಡೆಯುತ್ತಿತ್ತು. ನಾವೆಲ್ಲ ಅಲ್ಲಿ ಒತ್ತೊತ್ತಾಗಿ ಕೂತಿದ್ದೆವು. ನಡುವೆ ನಮ್ಮ ಮುದಿ ಧರ್ಮಗುರು ಹಖಾಮ್ ಅಶೇರ್ ಚರ್ಮದ ಸುರುಳಿ ಬಿಚ್ಚಿ ರಾಗವಾಗಿ ಓದುತ್ತಿದ್ದರು. ಗೀತಿ ಬಾಗಿಲಲ್ಲಿ ನಿಂತಳು, ಕೈಯಲ್ಲಿ ಚೀಲ.

ಆಗ ಹೆಶ್ಮತ್ ಖಾನುಮ್ ಅವರ ಮುಖ ನೋಡಬೇಕಿತ್ತು. ಓದು ಶುರುವಾದ ಮೇಲೆ ಮುಗಿಯುವವರೆಗೆ ಯಾರೂ ಮಾತಾಡುವಂತಿಲ್ಲ. ಆಡಿದರೆ ಹಬ್ಬ ಕೆಟ್ಟಿತು. ಬಾಯಿಗೆ ಬಂದದ್ದನ್ನೆಲ್ಲ ಆಕೆ ನುಂಗಬೇಕಾಯಿತು. ಕಣ್ಣು ಬಿಟ್ಟರು. ಬೆರಳು ಆಡಿಸಿದರು. ಝೋಹರಾ ಸದ್ದಿಲ್ಲದೆ ಸರಿದು ಜಾಗ ಮಾಡಿಕೊಟ್ಟಳು, ಅದೂ ಅತ್ತೆಯ ಪಕ್ಕದಲ್ಲೇ. ಹಗ್ಗದ ಸೇಡು ಹಾಗೆ ತೀರಿತೆಂದು ನಾನು ಅಂದುಕೊಂಡೆ.

ಎಸ್ತೇರ್ ರಾಣಿಯಾದಳು. ಮೂರನೆಯ ಅಧ್ಯಾಯ ಬಂತು. ಹಾಮಾನ್‌ನ ಹೆಸರು ಕಿವಿಗೆ ಬಿದ್ದದ್ದೇ ತಡ, ಮಕ್ಕಳು ಗಿರಗಿಟ್ಟಲೆಗಳನ್ನು ಗರಗರ ಸದ್ದಾಗುವಂತೆ ತಿರುಗಿಸಿದರು, ನಾವು ನೆಲಕ್ಕೆ ಕಾಲು ಬಡಿದೆವು. ಆ ದುಷ್ಟನ ಹೆಸರು ಅಡಗಿಹೋಗಬೇಕಲ್ಲ. ಆ ಗದ್ದಲದಲ್ಲಿ ಗೀತಿಗೆ ಅಪ್ಪನ ಮಾತು ನೆನಪಾಗಿ ನಗು ಉಕ್ಕಿತು. ಮುಖ ಮುಚ್ಚಿಕೊಂಡು ನಕ್ಕಳು. ಅತ್ತೆ ಅದನ್ನು ಕಂಡರು. ಅಲ್ಲಿಂದ ಕೊನೆಯವರೆಗೂ ಅವರು ಸುರುಳಿಗಿಂತ ಸೊಸೆಯನ್ನೇ ಹೆಚ್ಚು ನೋಡಿದರು.

ಕೊನೆಯ ಆಶೀರ್ವಚನ ಮುಗಿಯಿತು. ಯಾರೂ ಏಳಲಿಲ್ಲ. ಹಲ್ವಾ ಹೇಗೂ ಇರಲಿಲ್ಲ.

“ಹಬ್ಬ ಮುಗಿದ್ಮೇಲೆ ಬಾ ಅಂದಿದ್ದೆ,” ಎಂದರು ಹೆಶ್ಮತ್ ಖಾನುಮ್.

“ಮುಗಿದ್ಮೇಲೇ ಬಂದೆ ಅತ್ತೆ. ಹೊಲೋನ್‌ನಲ್ಲಿ ಸಂಜೆಗೇ ಮುಗೀತು.”

ಹಖಾಮ್ ಅಶೇರ್ ಗಡ್ಡ ಸವರಿಕೊಂಡರು. “ತಪ್ಪು ಹೇಳೋಕಾಗಲ್ಲ.”

“ನೀವು ಸುಮ್ನಿರಿ. ಏಯ್, ಓದೋವಾಗ ಯಾಕೆ ನಕ್ಕೆ?”

ಗೀತಿ ಒಮ್ಮೆ ಉಸಿರೆಳೆದುಕೊಂಡಳು. ಮೂರು ವರ್ಷ ಅತ್ತೆಯ ಎದುರು ತಲೆಯೆತ್ತದವಳು ಈಗ ಎತ್ತಿದಳು. “ನೀವು ಹಮದಾನಿನವರು. ಚಿಕ್ಕೋರಿದ್ದಾಗ ಎಸ್ತೇರಮ್ಮನ ಸಮಾಧಿ ಕಸ ಗುಡಿಸ್ತಿದ್ರಿ, ಇವತ್ತಿಗೂ ಅವಳ ಹೆಸರಲ್ಲೇ ಆಣೆ ಇಡ್ತೀರಿ. ಅವಳು ಹುಟ್ಟಿ ತಾಯಿ ಹೋದ್ಲು. ಅರಮನೆಗೆ ಕಾಲಿಟ್ಲು, ಹಿಂದೇನೇ ಹಾಮಾನ್ ಬಂದ. ಅವಳ ಕಾಲ್ಗುಣ ಎಂಥದು ಅತ್ತೆ? ನೀವೇ ಹೇಳಿ. ಅವಳದು ಕೆಟ್ಟದು ಅಂದ್ರೆ ನಂದೂ ಕೆಟ್ಟದೇ. ಈ ಚೀಲ ಇನ್ನೂ ಬಿಚ್ಚಿಲ್ಲ, ಈಗಲೇ ಹೋಗ್ತೀನಿ.”

ಹೆಶ್ಮತ್ ಖಾನುಮ್ ಬಾಯಿ ತೆರೆದರು, ಮುಚ್ಚಿದರು. ಹಮದಾನಿನ ಹೆಂಗಸು ಎಸ್ತೇರಳ ಮೇಲೆ ಅಂಥ ಮಾತಾಡಿಯಾಳೇ? ಅದಕ್ಕಿಂತ ನಾಲಿಗೆ ಕಿತ್ತುಕೊಂಡಾಳು. ಅವರು ಕುರ್ಚಿಯ ಕೈ ಹಿಡಿದುಕೊಂಡರು. ಆ ದೊಡ್ಡ ಮೈ ಅದುರತೊಡಗಿತು. ಮೊದಲು ಸಿಟ್ಟೆಂದುಕೊಂಡೆವು, ಅದು ಅಳು.

“ನಲವತ್ತು ವರ್ಷ ಒಟ್ಟಿಗಿದ್ದೋರು… ಒಂದು ಚಳಿಗಾಲದಲ್ಲಿ ಹೊರಟೋದ್ರು. ನಾನು ಯಾರನ್ನ ಕೇಳ್ಲಿ? ದೇವರ ಜೊತೆ ಜಗಳ ಆಡೋಕೆ ಧೈರ್ಯ ಇರ್ಲಿಲ್ಲ ಕಣೆ. ಅದಕ್ಕೆ ನಿನ್ನ ಜೊತೆ ಆಡ್ದೆ. ನೀನು ಹತ್ರದಲ್ಲಿದ್ದೆ.”

“ಅವನೂ ಹತ್ರದಲ್ಲೇ ಇದ್ದ ಅತ್ತೆ,” ಎಂದಳು ಗೀತಿ ಮೆಲ್ಲಗೆ. “ಅವನೇ ನನ್ನನ್ನ ಮುಂಚೆನೇ ಇಲ್ಲಿಗೆ ಕಳಿಸಿದ್ದು.”

ಹೆಶ್ಮತ್ ಖಾನುಮ್ ಸೊಸೆಯ ಕೈಯಿಂದ ಚೀಲ ಕಿತ್ತುಕೊಂಡು ತಮ್ಮ ಕುರ್ಚಿಯ ಕೆಳಗೆ ತಳ್ಳಿದರು. ನಾವೆಲ್ಲ ಕಣ್ಣೊರೆಸಿಕೊಂಡು ಏಳಬೇಕು, ಅಷ್ಟರಲ್ಲಿ ಹಖಾಮ್ ಅಶೇರ್ ಕೆಮ್ಮಿದರು.

“ಒಂದು ವಿಷಯ. ಹುಡುಗಿ ನಡುವೆ ಬಂದ್ಲು. ಸುರುಳಿಯ ಮೊದಲ ಭಾಗ ಅವಳಿಗೆ ಬಿಟ್ಟೋಗಿದೆ.”

“ಮತ್ತೆ ಓದಿ,” ಎಂದರು ಹೆಶ್ಮತ್ ಖಾನುಮ್.

“ಖಾನುಮ್, ನಂಗೀಗ ಎಪ್ಪತ್ತೆಂಟು. ಇವತ್ತು ಎರಡು ಸಲ ಓದಿ ಗಂಟಲು…”

“ಚಹಾ ಕೊಡ್ತೀನಿ. ಮೊದಲಿಂದ ಓದಿ. ನನ್ನ ಸೊಸೆ ಒಂದಕ್ಷರ ಬಿಡದೆ ಕೇಳ್ಬೇಕು.”

ನಮ್ಮ ಅಂಗಳದ ಇತಿಹಾಸದಲ್ಲಿ ಹೆಶ್ಮತ್ ಖಾನುಮ್ ‘ನನ್ನ ಸೊಸೆ’ ಎಂದದ್ದು ಅದೇ ಮೊದಲು. ನಾವು ಹೋಗಬಹುದಿತ್ತು, ಯಾರೂ ಹೋಗಲಿಲ್ಲ. ಹಖಾಮ್ ಚಹಾ ಕುಡಿದು ಮತ್ತೆ ಸುರುಳಿ ಬಿಚ್ಚಿದರು. ಈ ಸಲದ ವಿಶೇಷವೆಂದರೆ ಗೀತಿ ಮಾತಾಡುವಂತಿಲ್ಲ. ಹೆಶ್ಮತ್ ಖಾನುಮ್ ತಮ್ಮ ಪಾಲಿನ ಓದು ಆಗಲೇ ಕೇಳಿ ಮುಗಿಸಿದವರು, ಆಡಬಹುದು. ಆದರೆ ಸೊಸೆಗೆ ಒಂದು ಪದವೂ ತಪ್ಪಬಾರದಲ್ಲ. ಹಾಗಾಗಿ ಹಾಮಾನ್‌ನ ಹೆಸರು ಬಂದು ನಾವು ಗದ್ದಲ ಎಬ್ಬಿಸಿದಾಗಲೆಲ್ಲ ಹಖಾಮ್ ನಿಲ್ಲಿಸುತ್ತಿದ್ದರು, ಆಗ ಹೆಶ್ಮತ್ ಖಾನುಮ್ ಗೀತಿಯ ಕಿವಿಗೆ ಬಾಗಿ ಒಂದೊಂದು ಮಾತು ಹೇಳುತ್ತಿದ್ದರು.

“ಹಲ್ವಾ ಸೀಯಿಸಿದ್ದು ನಾನೇ.” ಗದ್ದಲ ನಿಂತಿತು, ಅವರೂ ನಿಲ್ಲಿಸಿದರು.

ಮತ್ತೆ ಹಾಮಾನ್. “ಅಂಗಡಿಗೆ ಬೆಂಕಿ ಬಿದ್ದಾಗ ರಹಮೀಮ್‌ನ ಒಳಗೆ ಹೋಗ್ದಂಗೆ ಹಿಡ್ಕೊಂಡಿದ್ದು ನೀನು. ನಾನು ನೋಡ್ದೆ.”

ರಹಮೀಮ್ ಮೈಯೆಲ್ಲ ಹಿಟ್ಟಾಗಿ ಬಾಗಿಲಲ್ಲಿ ಬಂದು ನಿಂತ. ತಾಯಿ ಅಳುತ್ತಿದ್ದಾಳೆ, ಹೆಂಡತಿ ಅಳುತ್ತ ನಗುತ್ತಿದ್ದಾಳೆ, ಮುಗಿಯಬೇಕಿದ್ದ ಓದು ಇನ್ನೂ ನಡೆಯುತ್ತಿದೆ. “ಏನಾಯ್ತು?” ಎಂದ. ಹದಿನೈದು ಹೆಂಗಸರು ಒಟ್ಟಿಗೆ ಅವನ ಬಾಯಿ ಮುಚ್ಚಿಸಿದೆವು. ಪಾಪ, ಗೋಡೆಗೊರಗಿ ನಿಂತುಕೊಂಡ.

ಹಾಮಾನ್‌ನ ಆಟ ಮುಗಿಯುತ್ತ ಬಂತು. ಮಕ್ಕಳ ಗಿರಗಿಟ್ಟಲೆ ಜೋರಾಯಿತು. ಹೆಶ್ಮತ್ ಖಾನುಮ್ ಮತ್ತೆ ಬಾಗಿದರು. ಆ ಗದ್ದಲದಲ್ಲಿ ನನಗೆ ಕೇಳಿಸಬಾರದಿತ್ತು, ನಾನು ಅವರ ಬೆನ್ನಿಗೇ ಕೂತಿದ್ದೆ.

“ನಿಮ್ಮ ಮಾವ ಹೋಗೋ ದಿನ ನಂಗೊಂದು ಮಾತು ಹೇಳಿದ್ರು. ಈ ಹುಡುಗಿ ನಮ್ಮನೆಗೆ ಬಂದಿದ್ದು ನಮ್ಮ ಭಾಗ್ಯ, ಅವಳಿಗೆ ಹೇಳು ಅಂದ್ರು. ನಾನು ಹೇಳ್ಲಿಲ್ಲ. ಕೊನೇ ಮಾತು ನಿನಗೆ ಹೋಯ್ತಲ್ಲ ಅಂತ ನಂಗೆ ಹೊಟ್ಟೆಕಿಚ್ಚು.”

ಗೀತಿ ತುಟಿ ಕಚ್ಚಿ ಹಿಡಿದಳು. ಕಣ್ಣೀರು ಧಾರಾಕಾರವಾಗಿ ಇಳಿಯುತ್ತಿತ್ತು, ಮಾತಾಡುವಂತಿರಲಿಲ್ಲ. ಗದ್ದಲ ಅಡಗಿತು. ಹಖಾಮ್ ಅಶೇರ್ ಮುಂದಿನ ಸಾಲು ಎತ್ತಿಕೊಂಡರು. ಅವಳು ಅತ್ತೆಯ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೊನೆಯ ಪದದವರೆಗೂ ಕೂತು ಕೇಳಿದಳು.