ಹದಿನಾಲ್ಕನೇ ಸಂಪುಟ ಹಾಳು ಮಾಡಿದವಳು

ಆ ಮನುಷ್ಯ ದೂರು ಪುಸ್ತಕದಲ್ಲಿ ನನ್ನ ಮೇಲೆ ಒಂಬತ್ತು ಸಾಲು ಬರೆದಿದ್ದ. ಅಕ್ಷರ ಬೇರೆ ಮುತ್ತು ಪೋಣಿಸಿದ ಹಾಗೆ. ಅದೇ ನನಗೆ ಇನ್ನಷ್ಟು ಉರಿ.

"'ನಿಮ್ಮ ಸಹಾಯಕಿ ನನ್ನ ನಾಲ್ಕು ವರ್ಷವನ್ನು ನಾಲ್ಕು ನಿಮಿಷದಲ್ಲಿ ಹಾಳು ಮಾಡಿದ್ದಾರೆ,'" ಎಂದು ಡಾಕ್ಟರ್ ಮೇಡಂ ಜೋರಾಗಿ ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಏನು ಮಾಡಿದೆ ತಾಯಿ ಅವರಿಗೆ?"

"ಕಥೆ ಹೇಳಿದೆ ಮೇಡಂ. ಅಷ್ಟೇ."

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿದವರ ಬಾಯಿಯಿಂದ ಎಂಜಲು ಹೀರುವ ಪೈಪು ಹಿಡಿಯುವುದು ನನ್ನ ಕೆಲಸ. ಕಥೆ ಹೇಳುವುದು ಸಂಬಳಕ್ಕೆ ಸೇರಿದ್ದಲ್ಲ. ಆದರೆ ಡ್ರಿಲ್ ಸದ್ದಿಗೇ ಬೆವರುವವರನ್ನು ನೋಡಿಕೊಂಡು ಸುಮ್ಮನಿರುವುದು ಹೇಗೆ? ಈಚೆಗೆ ಓದಿದ ಕಾದಂಬರಿ, ಕಾಮಿಕ್ಸು, ನೋಡಿದ ಜಪಾನಿ ಕಾರ್ಟೂನು ಅನಿಮೆ, ಶನಿವಾರದ ಶೋ ಕುಸ್ತಿ, ಯಾವುದು ತಲೆಯಲ್ಲಿದ್ದರೆ ಅದನ್ನು ಹೇಳುತ್ತೇನೆ. ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಹೇಗಿದ್ದರೂ ಬಿಟ್ಟೇ ಇರುತ್ತದಲ್ಲ.

ಅವತ್ತು ಈ ಲಿಫ್ಟ್ ಮೆಕ್ಯಾನಿಕ್ ಬಂದಿದ್ದ. ಬೂದು ಯೂನಿಫಾರಂ, ಉಗುರಿನಂಚಿನಲ್ಲಿ ಗ್ರೀಸು, ರೆಪ್ಪೆ ಮಾತ್ರ ಹುಡುಗಿಯರು ಹೊಟ್ಟೆಕಿಚ್ಚು ಪಡುವಷ್ಟು ಉದ್ದ. ಅವನ ಬ್ಯಾಗಿನಿಂದ ನರಿ ಮುಖವಾಡದ ವೈದ್ಯೆಯ ಕಾಮಿಕ್ಸು ಇಣುಕುತ್ತಿತ್ತು. ಹದಿನಾಲ್ಕನೇ ಸಂಪುಟ, ಕೊನೆಯದು! ಅದು ಅಂಗಡಿಗೆ ಬಂದ ದಿನವೇ ಊಟದ ಬಿಡುವಿನಲ್ಲಿ ಓದಿ ಮುಗಿಸಿ, ವಾಷ್ ಬೇಸಿನ್ ಹತ್ತಿರ ನಿಂತು ಅತ್ತವಳು ನಾನು. ಅದನ್ನು ಓದಿದ ಇನ್ನೊಂದು ಜೀವ ಎದುರಿಗೆ ಸಿಕ್ಕರೆ ಬಿಡಲಾದೀತೇ?

"ಹೆದರಬೇಡಿ," ಎಂದೆ, ಡ್ರಿಲ್ ಶುರುವಾದ ಕೂಡಲೇ. "ವೈದ್ಯೆ ಸಾಯಲ್ಲ."

ಅವನು ಎಡಗೈ ಎತ್ತಿದ. ನಮ್ಮಲ್ಲಿ ಎಡಗೈ ಎತ್ತಿದರೆ ನೋಯುತ್ತಿದೆ ಎಂದರ್ಥ. ಮೇಡಂ ನಿಲ್ಲಿಸಿ ಇನ್ನೊಂದು ಇಂಜೆಕ್ಷನ್ ಕೊಟ್ಟರು.

"ಸೇತುವೆ ಮೇಲೆ ಅವಳೇ ಮುಖವಾಡ ತೆಗೀತಾಳಲ್ಲ, ಆಗ ಆ ಸಿಪಾಯಿ ಮುಖ ನೋಡ್ಬೇಕು!"

ಮತ್ತೆ ಎಡಗೈ. ಈ ಸಲ ಕಣ್ಣನ್ನೂ ಅಗಲಿಸಿದ. ಪಾಪ, ಎಷ್ಟು ನೋವೋ ಎಂದು ಮೇಡಂ ಮತ್ತೂ ಒಂದು ಚುಚ್ಚಿದರು. ಅವನಿಗೆ ಸಮಾಧಾನವಾಗಲಿ ಎಂದು ನಾನು ಬೇಗ ಬೇಗ ಹೇಳಿ ಮುಗಿಸಿದೆ. ಸಿಪಾಯಿ ಹದಿಮೂರು ಸಂಪುಟ ಹುಡುಕಿದ ರಾಣಿ ಬೇರೆ ಯಾರೂ ಅಲ್ಲ, ಆ ವೈದ್ಯೆಯೇ. ಅವನ ಕಣ್ಣಂಚಿನಿಂದ ನೀರಿಳಿಯಿತು. ಕಥೆ ಮನಸ್ಸಿಗೆ ನಾಟಿತು ಎಂದುಕೊಂಡು ಟಿಶ್ಯೂ ಒತ್ತಿದೆ.

ಪುಸ್ತಕದ ಪ್ಲಾಸ್ಟಿಕ್ ಹೊದಿಕೆಯನ್ನೇ ಅವನಿನ್ನೂ ಬಿಚ್ಚಿರಲಿಲ್ಲ ಎನ್ನುವುದು ಗೊತ್ತಾದದ್ದು ದೂರಿನ ಆರನೇ ಸಾಲಿನಲ್ಲಿ.

"ಇನ್ಮೇಲೆ ಈ ರೂಮಲ್ಲಿ ತುಟಿ ಪಿಟಕ್ ಅನ್ನಬಾರ್ದು," ಎಂದರು ಮೇಡಂ. "ಯಾರ ಹತ್ರಾನೂ."

ಯಾರ ಹತ್ತಿರವೂ! ಮಾರನೆಯ ದಿನ ಹಲ್ಲಿನ ಸೆಟ್ಟಿನ ಅಳತೆಗೆ ಬಂದ ತಾತ, "ಆ ಕೆಂಪು ಚಡ್ಡಿ ಪೈಲ್ವಾನ ಏನಾದ ಮಗಳೇ?" ಎಂದು ಕೇಳಿದರೆ ತಲೆ ತಗ್ಗಿಸಿ ನಿಂತೆ. ಒಂದು ವಾರ ಆ ಕೋಣೆಯಲ್ಲಿ ಡ್ರಿಲ್ ಒಂದೇ ಮಾತಾಡಿತು. ಬಾಯಿಗೆ ಬೀಗ ಹಾಕಿಸಿಕೊಂಡು ಪೈಪು ಹಿಡಿದು ನಿಲ್ಲುವುದಾದರೆ ಗೋಡೆಗೊಂದು ಮೊಳೆ ಹೊಡೆದರೆ ಸಾಕಿತ್ತು, ನಾನೇಕೆ?

ರೂಟ್ ಕೆನಾಲ್‌ನ ಎರಡನೇ ಸಿಟಿಂಗ್‌ಗೆ ಆ ಮೆಕ್ಯಾನಿಕ್ ಬಂದಾಗ ಮೇಡಂ ಹೊರಗೆ ಫೋನಿನಲ್ಲಿದ್ದರು. ಅವನ ಕೊರಳಿಗೆ ಏಪ್ರನ್ನು ಕಟ್ಟಿದೆ, ಬೇಕಾದ್ದಕ್ಕಿಂತ ತುಸು ಬಿಗಿಯಾಗಿ.

"ಇವತ್ತೇನೂ ಹೇಳಲ್ವಾ?" ಎಂದ.

ಗ್ಲೌಸು ಎಳೆದು ಹಾಕಿಕೊಂಡೆ. ಚಟ್ಟೆಂದಿತು.

"ಕೋಪಾನಾ?"

"ನನಗ್ಯಾಕ್ರೀ ಕೋಪ? ಬಾಯಿ ಮುಚ್ಚಿಸಿದ್ರಲ್ಲ, ಸಂತೋಷವಾಗಿರಿ."

"ನಾಲ್ಕು ವರ್ಷ ರೀ!" ಎಂದು ಅವನು ಎದ್ದೇ ಕೂತ. "ಲಿಫ್ಟ್ ಮೆಷಿನ್ ರೂಮಲ್ಲಿ ಕೂತು ಒಂದೊಂದೇ ಸಂಪುಟ ಓದಿದ್ದು. ಎಲ್ಲಿ ಮುಂದಿನದು ಗೊತ್ತಾಗ್ಬಿಡತ್ತೋ ಅಂತ ಅದರ ಅನಿಮೆ ಕೂಡ ನೋಡ್ಲಿಲ್ಲ. ಹಲ್ಲುನೋವು ಹೋದ್ಮೇಲೆ ನೆಮ್ಮದಿಯಾಗಿ ಓದೋಣ ಅಂತ ಇಟ್ಕೊಂಡಿದ್ರೆ, ನೀವು ಬಾಯಿಗೆ ಹತ್ತಿ ತುರುಕಿ…"

"ಕೊನೆ ಗೊತ್ತಾದ್ರೆ ಕಥೆ ಸತ್ತೋಗತ್ತಾ? ಶನಿವಾರದ ಶೋ ಕುಸ್ತೀಲಿ ಯಾರು ಗೆಲ್ಲೋದು ಅಂತ ಮೊದಲೇ ತೀರ್ಮಾನ ಆಗಿರತ್ತೆ. ಅವರಿಗೂ ಗೊತ್ತು, ನಮಗೂ ಗೊತ್ತು. ಆದ್ರೂ ನಾನು ಗಂಟಲು ಹರಿಯೋ ಹಾಗೆ ಕೂಗ್ತೀನಿ."

"ಆ ನಾಟಕಾನಾ?"

"ನಾಟಕ ಅಂದ್ರೆ ಗ್ರಹಚಾರ ಬಿಡಿಸ್ತೀನಿ! ಅಷ್ಟೆತ್ತರದಿಂದ ಬೀಳೋರ ಬೆನ್ನು ನಾಟಕ ಆಡಲ್ಲ."

ಅವನಿಗೆ ನಗು ಬಂತು. ನೋಯುವ ಕೆನ್ನೆಯನ್ನು ಅಂಗೈಯಲ್ಲಿ ಹಿಡಿದುಕೊಂಡು, ಕಣ್ಣಿನಲ್ಲಷ್ಟೇ ನಕ್ಕ. ನಾನು ನಗಲಿಲ್ಲ.

"ನಮ್ಮಜ್ಜಿ ಯಾವ ಕಥೆಗಾದ್ರೂ ಕೊನೆ ಮೊದಲು ಹೇಳ್ತಿದ್ರು. 'ರಾಜಕುಮಾರಿ ಬದುಕ್ತಾಳೆ ಪುಟ್ಟೀ, ಈಗ ಕೇಳು' ಅಂತ. ಮಧ್ಯದಲ್ಲಿ ನಿದ್ದೆ ಬಂದ್ರೆ ಮಗು ರಾಕ್ಷಸನ ಜೊತೆ ಒಂಟಿ ಆಗ್ಬಾರ್ದು ಅಂತ. ಹೆದರಿದೋರಿಗೆ ನಾನೂ ಹಾಗೇ ಹೇಳ್ತೀನಿ. ನೀವು ಹೆದರಿದ್ರಿ, ಹೇಳಿದೆ. ಅದಕ್ಕೆ ಒಂಬತ್ತು ಸಾಲು!"

ಅವನ ಉದ್ದ ರೆಪ್ಪೆ ಒಮ್ಮೆ ಕೆಳಗಿಳಿದು ನಿಧಾನವಾಗಿ ಮೇಲೆದ್ದಿತು.

"ಸೇತುವೆ ಪುಟ ತಿರುಗಿಸಿದಾಗ ನಿಮಗೇನಾಯ್ತು?" ಎಂದು ಕೇಳಿದ.

"ಎದೆ ಧಸಕ್ ಅಂತು."

"ನಿನ್ನೆ ನಾನೂ ಓದ್ದೆ. ನನಗೆ ಹಾಗೆ ಏನೂ ಆಗ್ಲಿಲ್ಲ."

ಒಂದು ವಾರದಿಂದ ಸಾಕಿದ ನನ್ನ ಕೋಪ ಅಲ್ಲೇ ಕಾಲು ಮುರಿದುಕೊಂಡು ಬಿತ್ತು. ಅಂಥ ಧಸಕ್ಕು ಒಂದು ಕಥೆಗೆ ಒಂದೇ ಸಲ. ಅದನ್ನು ನಾನು ಕಿತ್ತುಕೊಂಡಿದ್ದೆ, ಎಲ್ಲಿಂದ ತಂದು ವಾಪಸು ಕೊಡಲಿ?

"ತಪ್ಪಾಯ್ತು!" ಎಂದೆ. ಜಗಳದ ದನಿಯಲ್ಲೇ. ಆ ಗಳಿಗೆಗೆ ಬೇರೆ ದನಿ ಸಿಗಲಿಲ್ಲ.

"ನಂದೂ ತಪ್ಪು. ಎರಡು ಸಾಲು ಸಾಕಿತ್ತು."

ಒಳಗೆ ಬಂದ ಮೇಡಂಗೆ ಅವನೇ ಹೇಳಿದ, "ದೂರು ವಾಪಸ್ ತಗೋತೀನಿ ಮೇಡಂ. ಇವರು ಮಾತಾಡ್ಲಿ. ಈ ಡ್ರಿಲ್ ಸದ್ದೊಂದೇ ಕೇಳ್ಕೊಂಡು ಮಲಗೋಕೆ ಆಗಲ್ಲ."

ಮೇಡಂ ಇಬ್ಬರನ್ನೂ ನೋಡಿದರು. "ಓದಿದ್ದಾರಾ ಅಂತ ಮೊದಲು ಕೇಳು. ಆಮೇಲೆ ಬಾಯಿ ಬಿಡು," ಎಂದು ನನಗೆ ಹೇಳಿ ಮಾಸ್ಕ್ ಏರಿಸಿಕೊಂಡರು. ಮಾಸ್ಕಿನೊಳಗೆ ನಕ್ಕರು ಎಂದು ನನ್ನ ಅನುಮಾನ.

ಸಂಜೆ ಕೆಲಸ ಮುಗಿಸಿ ಇಳಿದರೆ ಅವನು ಮೆಟ್ಟಿಲ ಬಳಿ ನಿಂತಿದ್ದ. ಇಂಜೆಕ್ಷನ್ನಿಗೆ ಅರ್ಧ ಮುಖ ಇನ್ನೂ ಮರಗಟ್ಟಿತ್ತು.

"ಶನಿವಾರ ಮಧ್ಯಾಹ್ನ ಸ್ಟೇಡಿಯಂನಲ್ಲಿ ಕುಸ್ತಿ ಇದೆ. ಈಗ ಹೋಗಿ ಎರಡು ಟಿಕೆಟ್ ತಂದಿದೀನಿ."

"ನಾಟಕ ಅಂದ್ರಲ್ಲ?"

"ನಾನು ನೋಡೋಕೆ ಬರೋದು ರಿಂಗ್ ಅಲ್ಲ. ನೀವು ಕೂಗೋದನ್ನ."

ಕಿವಿ ಬಿಸಿಯಾಯಿತು. "ಯೋಚನೆ ಮಾಡಿ ಹೇಳ್ತೀನಿ. ಶನಿವಾರ."

"ಅಲ್ಲಿ ತನಕ ನನ್ನಿಂದ ಆಗಲ್ಲ ರೀ. ಈಗ್ಲೇ ಹೇಳ್ಬಿಡಿ."

"ನಾಲ್ಕು ವರ್ಷ ಕಾದೋರಿಗೆ ನಾಲ್ಕು ದಿನ ಆಗಲ್ವಾ?"

"ಅದು ಪುಸ್ತಕ," ಎಂದ. ತುಟಿ ಸರಿಯಾಗಿ ತಿರುಗುತ್ತಿರಲಿಲ್ಲ, ಕಣ್ಣು ಮಾತ್ರ ನೆಟ್ಟಗೆ ನನ್ನ ಮೇಲಿತ್ತು. "ಇವತ್ತು ಬರೋಕೆ ಮುಂಚೆ ಮೂರು ಸಲ ಕನ್ನಡಿ ನೋಡ್ಕೊಂಡೆ. ಜಗಳಕ್ಕೆ ಹೋಗೋನು ಕನ್ನಡಿ ನೋಡ್ಕೋತಾನಾ? ನೀವೇ ಹೇಳಿ. ನಿಜವಾಗ್ಲೂ ಹೆದ್ರಿಕೆ ಆಗ್ತಿದೆ."

ನನಗೆ ಮತ್ತೆ ಸಿಟ್ಟು ಉಕ್ಕಿತು. ಅಷ್ಟುದ್ದದ ರೆಪ್ಪೆ ಇಟ್ಟುಕೊಂಡು, ಅರ್ಧ ಬಾಯಲ್ಲಿ ಇಂಥ ಮಾತಾಡಿದರೆ ಒಬ್ಬ ಹುಡುಗಿ ಎಲ್ಲಿಗೆ ಹೋಗಬೇಕು?

"ಬರ್ತೀನಿ," ಎಂದೆ. "ಈ ಶನಿವಾರಾನೂ ಬರ್ತೀನಿ, ಮುಂದಿನ ಶನಿವಾರಾನೂ ಬರ್ತೀನಿ, ಅದರ ಮುಂದಿಂದಕ್ಕೂ ಬರ್ತೀನಿ. ಸಾಕಾ? ಕೊನೆ ಹೇಳಾಯ್ತು, ಇನ್ನು ನಿಧಾನವಾಗಿ ಹೆದರ್ಕೊಳ್ಳಿ."