ಎಳ್ಳೆಣ್ಣೆ ಕುಡಿದ ಬ್ರೇಕು

ಅಪ್ಪ ಬ್ರೇಕ್ ಒತ್ತಿದ. ಕಾರು ನಿಲ್ಲಲಿಲ್ಲ. ಹಿಂದಕ್ಕೆ ಜಾರಿ, ಅಂಗಳದಲ್ಲಿ ಪೇರಿಸಿಟ್ಟಿದ್ದ ಖಾಲಿ ಕಿಮ್ಚಿ ಡಬ್ಬಿಗಳಿಗೆ ಗುದ್ದಿ, ಆಮೇಲೆ ನಿಂತಿತು. ಡಬ್ಬಿಗಳು ದಡಬಡ ಉರುಳಿದವು.

ಹಿಂದಿನ ಸೀಟಿನಲ್ಲಿದ್ದ ಮಗಳು ನಾರೆ ಮುಂದಿನ ಸೀಟನ್ನು ಅಪ್ಪಿ ಹಿಡಿದಳು.

ಅಪ್ಪ ಇಳಿದು ಮೂಗರಳಿಸಿದ. ಪಕ್ಕದ ಮನೆಯವರು ಬೆಳಿಗ್ಗೆಯೇ ಕಡಲಪಾಚಿ ಹಾಳೆ ಹುರಿಯುತ್ತಿದ್ದಾರೆ, ಎಳ್ಳೆಣ್ಣೆ ಘಮ ಅಂದ. ನಾರೆ ಆಚೆ ಕಿಟಕಿಗೆ ಮುಖ ತಿರುಗಿಸಿದಳು.

ನಾಳೆ ಘಾಟಿಯಾಚೆ ಅಜ್ಜಿಯ ಊರಿನಲ್ಲಿ ವರ್ಷಕ್ಕಾಗುವಷ್ಟು ಕಿಮ್ಚಿ, ಎಲೆಕೋಸಿನ ಖಾರದ ಉಪ್ಪಿನಕಾಯಿ, ಹಾಕುವ ದಿನ. ನೂರಿಪ್ಪತ್ತು ಎಲೆಕೋಸು ಉಪ್ಪಿನಲ್ಲಿ ನೆನೆಯುತ್ತಿವೆ. ಖಾರ ಸವರಿದ ಮೊದಲ ಎಲೆಯನ್ನು ಅಜ್ಜಿ ಪ್ರತಿ ವರ್ಷ ನಾರೆಯ ಬಾಯಿಗೇ ತುರುಕುವುದು. ವರ್ಷಪೂರ್ತಿ ಅದಕ್ಕೇ ಕಾದಿದ್ದಳು.

ಹ್ಯಾಂಡ್‌ಬ್ರೇಕ್ ಹಿಡಿದು, ಆಮೆಯ ಹಾಗೆ ತೆವಳಿ, ಬೀದಿಯ ಕೊನೆಯ ಗ್ಯಾರೇಜಿಗೆ ಹೋದರು. ಗ್ಯಾರೇಜು ಗುಮ್‌ಸಿಲ್ ಆಂಟಿಯದು. ಆಂಟಿಗೆ ನೆಗಡಿ, ಮೂಗು ಪೂರ್ತಿ ಕಟ್ಟಿತ್ತು.

ಆಂಟಿ ಮುಂದಿನ ಚಕ್ರ ಬಿಚ್ಚಿ ಡಿಸ್ಕ್ ಅಳೆದಳು. ತಟ್ಟೆಯಂಥ ಡಿಸ್ಕು ಸವೆದು ತೆಳ್ಳಗಾಗಿತ್ತು. ಅದನ್ನು ಎರಡು ಕಡೆಯಿಂದ ಹಿಡಿದು ನಿಲ್ಲಿಸುವ ಪ್ಯಾಡುಗಳೂ ಮುಗಿದಿದ್ದವು. ಎಡ ಬಲ ಎರಡೂ ಬದಲಿಸಬೇಕು, ಒಂದೇ ಹಾಕಿದರೆ ಕಾರು ಒಂದು ಕಡೆಗೆ ಎಳೆಯುತ್ತದೆ ಅಂದಳು.

ಎರಡು ಬಗೆಯ ಡಿಸ್ಕ್ ತಂದಿಟ್ಟಳು. ಒಂದು ಸಾದಾ. ಇನ್ನೊಂದು ತುಂಬ ತೂತು, ಮಿರಮಿರ ಮಿಂಚುವಂಥದ್ದು. ಅಪ್ಪನ ಕೈ ತೂತಿನದಕ್ಕೇ ಹೋಯಿತು.

"ನೀನು ರೇಸಿಗೆ ಹೋಗ್ತೀಯೋ, ಎಲೆಕೋಸು ತರೋಕೆ ಹೋಗ್ತೀಯೋ?" ಅಂದಳು ಆಂಟಿ.

ಅಪ್ಪ ಸಾದಾ ಡಿಸ್ಕನ್ನೂ ಅದಕ್ಕೆ ಹೊಂದುವ ಪ್ಯಾಡನ್ನೂ ಆರಿಸಿದ.

ಆಗ ಆಂಟಿಯ ಬೆರಳಿಗೆ ಎಣ್ಣೆ ಅಂಟಿತು. ಹುಬ್ಬು ಗಂಟಿಕ್ಕಿದಳು. ಒಳಗೆಲ್ಲೋ ಸೋರುತ್ತಿದೆ, ಅದನ್ನು ಹುಡುಕದೆ ಹೊಸದು ಹಾಕಿ ಘಾಟಿಗೆ ಕಳಿಸಲಾರೆ, ಎಲ್ಲ ಬಿಚ್ಚಬೇಕು, ಸೋಮವಾರ ಬನ್ನಿ ಅಂದಳು.

ಸೋಮವಾರ ಅಂದರೆ ಕಿಮ್ಚಿಯೆಲ್ಲ ಮುಗಿದಿರುತ್ತದೆ. ನಾರೆ ಆಂಟಿಯ ಮುಂದೆ ಬಂದು ನಿಂತಳು.

"ಏನೂ ಸೋರ್ತಿಲ್ಲ ಆಂಟಿ. ಎಣ್ಣೆ ನಾನೇ ಹಚ್ಚಿದ್ದು."

"ಯಾವ ಎಣ್ಣೆ?"

"ಎಳ್ಳೆಣ್ಣೆ. ಪಾಚಿ ಹಾಳೆಗೆ ಸವರೋ ಬ್ರಷ್‌ನಲ್ಲಿ."

ಉಳಿದದ್ದನ್ನೂ ಹೇಳಿದಳು. ಎರಡು ತಿಂಗಳಿಂದ ಕಾರು ಶಾಲೆಯ ಗೇಟಿನ ಮುಂದೆ ಕಿರ್ರ್ ಅಂತ ಕಿರುಚುತ್ತಿತ್ತು. ಕ್ಲಾಸಿನ ದೊಹಾ ದಿನಾ "ನಿಮ್ಮ ಹಂದಿ ಬಂತು ಕಣೇ" ಅನ್ನುತ್ತಿದ್ದ. ಬಾಗಿಲು ಕಿರುಗುಟ್ಟಿದರೆ ಅಜ್ಜಿ ಎಣ್ಣೆ ಹಾಕುತ್ತಾಳಲ್ಲ. ನಿನ್ನೆ ಸಂಜೆ ಚಕ್ರಗಳ ಸಂದಿಯಲ್ಲಿ ಬ್ರಷ್ ತೂರಿಸಿ ಇವಳೂ ಹಾಗೇ ಮಾಡಿದ್ದಳು.

ಅಪ್ಪನ ಮುಖ ಕೆಂಡವಾಯಿತು. ಅವನು ಬಾಯಿ ತೆರೆಯುವ ಮೊದಲೇ ಆಂಟಿ ಬಿದ್ದು ಬಿದ್ದು ನಕ್ಕು, ಮೂರು ಸಲ ಸೀನಿದಳು.

"ಮೂವತ್ತು ವರ್ಷದಲ್ಲಿ ಒಗ್ಗರಣೆ ಹಾಕಿದ ಬ್ರೇಕ್ ಇದೇ ಮೊದಲು."

ಅಪ್ಪ ನಗಲಿಲ್ಲ. "ಘಾಟಿಯ ತಿರುವಿನಲ್ಲಿ ಹೀಗಾಗಿದ್ದರೆ, ಮಗಳೇ?" ಅಂದ, ಮೆಲ್ಲಗೆ. ಬೈದಿದ್ದರೇ ವಾಸಿಯಿತ್ತು.

ಆಂಟಿ ಹೊಸ ಪ್ಯಾಡನ್ನು ನಾರೆಯ ಅಂಗೈಯಲ್ಲಿ ಇಟ್ಟಳು. ಅದರ ಅಂಚಿನಲ್ಲಿ ಪುಟ್ಟ ತಗಡಿನ ನಾಲಿಗೆಯೊಂದಿತ್ತು.

"ಪ್ಯಾಡ್ ಸವೆದಾಗ ಇದು ಡಿಸ್ಕಿಗೆ ತಾಗಿ ಕೂಗುತ್ತೆ. ಕೂಗಲಿ ಅಂತಲೇ ಇಟ್ಟಿರೋದು. ಎರಡು ತಿಂಗಳಿಂದ ಕೂಗ್ತಿದ್ದರೂ ನಿಮ್ಮಪ್ಪನಿಗೆ ಕಿವಿ ಇರಲಿಲ್ಲ."

ಈಗ ತಲೆ ತಗ್ಗಿಸುವ ಸರದಿ ಅಪ್ಪನದು. ನಾರೆ ಆ ನಾಲಿಗೆಯನ್ನು ಬೆರಳ ತುದಿಯಿಂದ ಸವರಿ ವಾಪಸು ಕೊಟ್ಟಳು.

ಆಂಟಿ ಎಣ್ಣೆಯನ್ನೆಲ್ಲ ತೊಳೆದು, ಹೊಸದನ್ನು ಕೂರಿಸಿ, ಬೀದಿಯಲ್ಲಿ ಹತ್ತು ಸಲ ನಿಲ್ಲಿಸಿ ನೋಡಿದಳು. ಮಧ್ಯಾಹ್ನ ಘಾಟಿ ಹತ್ತಿದರು. ಇಳಿಯುವಾಗ ತಿರುವು ತಿರುವಿಗೂ ನಾರೆ ಕಿವಿಗೊಟ್ಟು ಕೂತಿದ್ದಳು. ಮರುದಿನ ಖಾರಕ್ಕೆ ಕಣ್ಣಲ್ಲಿ ನೀರು ಬರುವಷ್ಟು ದೊಡ್ಡ ಎಲೆಯನ್ನೇ ಅಜ್ಜಿ ಬಾಯಿಗೆ ತುರುಕಿದಳು.

ಸೋಮವಾರ ಶಾಲೆಯ ಗೇಟಿನಲ್ಲಿ ಕಾರು ಸದ್ದಿಲ್ಲದೆ ನಿಂತಿತು. ದೊಹಾ ಬೆಪ್ಪಾಗಿ ನೋಡಿದ.

"ಏನೇ, ನಿಮ್ಮ ಹಂದಿ ಸತ್ತು ಹೋಯ್ತಾ?"

"ಇಲ್ಲ ಕಣೋ, ಮಲಗಿದೆ," ಅಂದಳು ನಾರೆ. "ಕೂಗಬೇಕಾದಾಗ ಕೂಗುತ್ತೆ."