ಇಮಾಮ್‌ಬೀ ಅಂಗಡಿಯ ಕಂಬ

1938ರ ಮಾರ್ಚ್ 14, ಸೋಮವಾರ. ಬೆಳಿಗ್ಗೆ ಎಂಟೂವರೆಗೆ ಕೊಟ್ರಬಸಪ್ಪ ಹೊನ್ನಾಳಿ ಠಾಣೆಯ ಮೆಟ್ಟಿಲು ಹತ್ತಿದರು. ಪೇಟೆ ಬೀದಿಯಲ್ಲಿ ಅವರದು ಮರದ ಚೌಕಟ್ಟಿನ ಹಳೆಯ ಮಾಳಿಗೆಮನೆ. ಮೇಲೆ ಸಂಸಾರ, ಕೆಳಗೆ ಮೂರು ಅಂಗಡಿ. ಮೂರು ದಿನ ಎಲ್ಲರೂ ಜಗಳೂರಿಗೆ ಹೋಗಿ ಬಂದರೆ, ನಡುವಿನ ಬಳೆ ಅಂಗಡಿಗೆ ಯಾರೋ ನುಗ್ಗಿದ ಗುರುತು.

“ಏನು ಹೋಗೈತೆ?” ಇನ್ಸ್‌ಪೆಕ್ಟರ್ ತಿಪ್ಪೇರುದ್ರಸ್ವಾಮಿ ಕೇಳಿದರು.

“ಏನೂ ಹೋಗಿಲ್ಲ ಸ್ವಾಮಿ. ತೊಲೆ ಅಲುಗಾಡಿ ಮೇಲಿನ ಮಣ್ಣು ಉದುರೈತೆ. ಬೀಗ ಒಡೆದಿಲ್ಲ. ಕೀಲಿ ಇರೋದು ಬಾಡಿಗೆಯ ಇಮಾಮ್‌ಬೀ ಹತ್ರ. ಮನೆ ಬೀಳಿಸಾಕೆ ನಿಂತಾಳೆ. ಈ ವಾರದಾಗೆ ಅಂಗಡಿ ಖಾಲಿ ಮಾಡಿಸ್ತೀನಿ.”

“ಏನೂ ಕದಿಯದ ಕಳ್ಳ! ಊರಿಗೊಬ್ಬ ಇಂಥೋನಿದ್ರೆ ನಮಗೆ ಸಂಬಳ ಯಾಕೆ ಕೊಡ್ತಾರೆ?” ಎಂದು ದಫೇದಾರ ಚಿಕ್ಕಹನುಮಂತಪ್ಪ ಗೊಣಗುತ್ತಲೇ ಎಫ್‌ಐಆರ್ ಬರೆದುಕೊಂಡ.

ಹತ್ತು ಗಂಟೆಗೆ ಪಂಚನಾಮೆ. ಗಂಡ ತೀರಿಕೊಂಡ ಮೇಲೆ ಬಳೆ ಮಾರಿ ಮಕ್ಕಳನ್ನು ಸಾಕುತ್ತಿದ್ದ ಇಮಾಮ್‌ಬೀ ಬಾಗಿಲಲ್ಲೇ ನಿಂತಿದ್ದಳು.

“ನಾನು ಚನ್ನಗಿರಿಗೆ ಮದುವೆಗೆ ಹೋಗಿದ್ದೆ ಸಾಹೇಬ್ರೇ. ಈ ಅಂಗಡಿ ಹೋದ್ರೆ ಮಕ್ಕಳಿಗೆ ಏನು ಹಾಕ್ಲಿ?”

ಇನ್ಸ್‌ಪೆಕ್ಟರ್ ಒಳಗೆ ಹೋದರು. ಅವರ ಕಣ್ಣು ಅಂಗಡಿಯ ನಡುಗಂಬದ ಮೇಲಿತ್ತು. ಉಳಿದ ಕಂಬಗಳ ಬುಡಕ್ಕೆ ಗೇಣುದ್ದ ಕೆಮ್ಮಣ್ಣು ಸಾರಿಸಿತ್ತು. ಇದರ ಕೆಮ್ಮಣ್ಣು ಮೇಲೆ, ತೊಲೆಯ ಕೆಳಗಿತ್ತು. ಮೇಲಿರಬೇಕಾದ ದೀಪದ ಮಸಿ ಬುಡದಲ್ಲಿತ್ತು.

“ಕೆಮ್ಮಣ್ಣು ಏಣಿ ಹತ್ತಿ ಬಳಿದಿಯೇನಮ್ಮ?”

“ಅಯ್ಯೋ, ನನಗೇನು ಹುಚ್ಚೇ ಸಾಹೇಬ್ರೇ?”

ಯಾರೋ ಕಂಬವನ್ನು ತೆಗೆದು ಮೇಲು-ಕೆಳಗು ತಿರುವಿ ನಿಲ್ಲಿಸಿದ್ದರು. ಅಂಗಡಿ ಮುಂದಿನ ಹಲಗೆಗಳಲ್ಲಿ ಕೊನೆಯದನ್ನು ಮೇಲಕ್ಕೆತ್ತಿದರೆ, ಬೀಗ ಹಾಕಿದ್ದಂತೆಯೇ ಅದು ಚೌಕಟ್ಟಿನ ತೋಡಿನಿಂದ ಹೊರಬಂತು. ಅಲ್ಲಿ ಹೊಸ ಗೀರು ಇತ್ತು. ಇಷ್ಟು ಗೊತ್ತಿರುವುದು ಕಟ್ಟಿದವರಿಗೇ.

“ಈ ಮನೆ ಕಟ್ಟಿದೋರು ಯಾರು?” ಇನ್ಸ್‌ಪೆಕ್ಟರ್ ಕೊಟ್ರಬಸಪ್ಪನವರನ್ನು ಕೇಳಿದರು.

“ನ್ಯಾಮತಿ ಬಡಗಿಗಳು ಸ್ವಾಮಿ. ಈಗ ಉಳಿದಿರೋನು ಬುಡನ್‌ಸಾಬ್ ಒಬ್ಬನೇ.”

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಇನ್ಸ್‌ಪೆಕ್ಟರೂ ದಫೇದಾರನೂ ನ್ಯಾಮತಿಯಲ್ಲಿದ್ದರು. ಎಪ್ಪತ್ತು ದಾಟಿದ ಬುಡನ್‌ಸಾಬ್ ಉಳಿ ಮಸೆಯುತ್ತಿದ್ದ.

“ಕಂಬ ಯಾಕೆ ತಿರುವಿದೆ?”

“ಇಮಾಮ್‌ಬೀನ ಹಿಡಿದಿರೇನ್ರಿ?”

“ಅವಳ ಅಂಗಡಿ ಹೋಗೋದರಾಗೆ ಐತೆ.”

ಮುದುಕ ಉಳಿಯನ್ನು ಕೆಳಗಿಟ್ಟ. “ಹಂಗಾದ್ರೆ ನಾನೇ ಬರ್ತೀನಿ. ಮರ ಬೆಳೆದಂಗೇ ಕಂಬ ನಿಲ್ಲಬೇಕು ಸ್ವಾಮಿ, ಬುಡ ಕೆಳಗೆ, ತಲೆ ಮ್ಯಾಲೆ. ನನಗಾಗ ಹದಿನೆಂಟು. ಅದು ನನ್ನ ಮೊದಲ ಕಂಬ, ತಲೆಕೆಳಗು ನಿಲ್ಲಿಸ್ಬಿಟ್ಟೆ. ಗುರುಗಳಿಗೆ ಹೇಳಾಕೆ ಬಾಯಿ ಬರಲಿಲ್ಲ. ಕಂಬ ಸರಿಮಾಡ್ತೀನಿ ಅಂತ ಕೊಟ್ರಬಸಪ್ಪನವರನ್ನ ಎರಡು ಸಲ ಕೇಳ್ದೆ, ಮುಟ್ಟಬ್ಯಾಡ ಅಂದ್ರು. ಅದಕ್ಕೇ ಮನೆ ಖಾಲಿ ಇದ್ದಾಗ ತೊಲೆಗೆ ಆನಿಕೆಗಂಬ ಕೊಟ್ಟು, ಬೆಣೆ ಬಡಿದು ಎತ್ತಿ, ಕಂಬ ತಿರುವಿದ್ವಿ.”

“ಜೊತೆಗೆ ಯಾರಿದ್ರು?”

“ಅದೊಂದು ಕೇಳಬ್ಯಾಡ್ರಿ.”

“ಐವತ್ತು ವರ್ಷದಾಗೆ ಮನೆಗೇನಾದ್ರೂ ಆಗಿತ್ತೇ?”

“ಮನೆಗೇನಾಗ್ತೈತೆ? ಗಟ್ಟಿ ಮರ. ನಾನೇ ಹೊನ್ನಾಳಿ ಸಂತೆಗೆ ಬಂದ್ರೆ ಪೇಟೆ ಬೀದಿ ಬಿಟ್ಟು ಸುತ್ತು ಹಾಕಿ ಹೋಗ್ತಿದ್ದೆ.”

ಅತಿಕ್ರಮ ಪ್ರವೇಶಕ್ಕೆ ಬುಡನ್‌ಸಾಬನ ದಸ್ತಗಿರಿ ಆಯಿತು. ಇಮಾಮ್‌ಬೀಗೂ ಈ ಪ್ರಕರಣಕ್ಕೂ ಸಂಬಂಧವಿಲ್ಲ ಎಂದು ಅಲ್ಲೇ ವರದಿ ಬರೆದ ಇನ್ಸ್‌ಪೆಕ್ಟರ್, ಅದರ ನಕಲನ್ನು ಕೊಟ್ರಬಸಪ್ಪನವರಿಗೂ ಕಳಿಸಲು ಹೇಳಿದರು.

ಸಂಜೆ ಹೊನ್ನಾಳಿಯಲ್ಲಿ ಬಸ್ಸಿಳಿದಾಗ ಮುದುಕ ಒಂದೇ ಒಂದು ಕೇಳಿಕೊಂಡ: “ಠಾಣೆಗೆ ಪೇಟೆ ಬೀದಿಯಾಗೇ ಕರ್ಕೊಂಡು ಹೋಗ್ರಿ.”